ತಂತಿ ತಳ್ಳಿದ ಸಂಜೆ

ಶಿರಸಿ, ಮಂಗಳವಾರ

ನಂದಣ್ಣ,

ನೀನು ತೀರಿಕೊಂಡ ಮೇಲೆ ನಿನ್ನ ಗಿಟಾರು ಮುಟ್ಟಿದವಳು ನಾನೊಬ್ಬಳೇ. ನೀನು ಯಾವಾಗಲೂ ಬಾರಿಸುತ್ತಿದ್ದ ಹಾಡಿನ ಟ್ಯಾಬ್, ಅಂದರೆ ಗಿಟಾರಿಗೆಂದೇ ಬರೆದ ಸ್ವರಲಿಪಿ, ಮೊಬೈಲಿನಲ್ಲಿ ಹುಡುಕಿದೆ. ಆರು ಗೆರೆ ಅಂದರೆ ಆರು ತಂತಿ, ದಪ್ಪದ್ದು ಎಲ್ಲಕ್ಕಿಂತ ಕೆಳಗೆ. ಅಂಕಿ ಅಂದರೆ ಒತ್ತಬೇಕಾದ ಫ್ರೆಟ್, ಗಿಟಾರಿನ ಕತ್ತಿನ ಮೇಲಿನ ಮನೆ. ಅಷ್ಟಂತೂ ಬೇಗ ತಿಳಿಯಿತು. ಏಳರ ಪಕ್ಕದ ‘ಬಿ’ ಅಕ್ಷರ ಮಾತ್ರ ಕಾಡಿಸಿತು. ಅಲ್ಲಿ ಒತ್ತಿದ ತಂತಿಯನ್ನು ಬೆರಳಲ್ಲೇ ಮೇಲಕ್ಕೆ ತಳ್ಳಿ ಸ್ವರ ಏರಿಸಬೇಕಂತೆ.

ಇವತ್ತು ಸಂಜೆ ಅದು ಥೇಟ್ ನಿನ್ನ ಹಾಗೇ ಏರಿತು. ಅಡುಗೆಮನೆಯಿಂದ ಅಮ್ಮ ಕೂಗಿದಳು: “ನಂದನಾ, ಚಾ ಇಡ್ಲಾ?”

ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನನ್ನು ನೋಡಿದಳು.

“ಇನ್ನೊಂದ್ಸಲ ಬಾರ್ಸು,” ಅಂದಳು.

ನನಗೆ ಹೆದರಿಕೆಯಾಯಿತು. ತಂತಿ ತಳ್ಳದೆ, ಏಳನ್ನು ಬರೀ ಒತ್ತಿ ಬಾರಿಸಿಬಿಟ್ಟೆ.

“ಮೊದ್ಲು ಬಾರ್ಸಿದ್ದೇ ಚಂದಿತ್ತು,” ಅಂದು ಒಳಗೆ ಹೋದಳು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಗೇಟಿನವರೆಗೆ ಹೋಗುತ್ತೇನೆ, ಹುಲೇಕಲ್ ಬಸ್ಸು ದಾಟುವುದನ್ನು ನೋಡಿ ವಾಪಸ್ ಬರುತ್ತೇನೆ. ಗಿಟಾರು ತೊಡೆ ಮೇಲಿಟ್ಟುಕೊಳ್ಳುತ್ತೇನೆ, ಮತ್ತೆ ಇಳಿಸುತ್ತೇನೆ. ನಾಳೆ ಅವಳು ಕೇಳಿದರೆ ಹೇಗೆ ಬಾರಿಸಲಿ, ಅಣ್ಣಾ?