ಕಂಪ್ಯೂಟರಿಗೆ ಮಖಮಲ್ಲಿನ ಅಂಗಿ

ರೀ,

ತಂಗಿನ್ನ ನೋಡಾಕ ಗಂಡಿನವರು ಬರ್ತಾರಂತ, ಕೊಲ್ಹಾರಕ್ಕ ಹೊಂಟೇನಿ. ಬುಟ್ಟ್ಯಾಗ ರೊಟ್ಟಿ ಅದಾವ. ಬದನಿಕಾಯಿ ಪಲ್ಯ ಮಧ್ಯಾಹ್ನನ ಮುಗಸ್ರಿ, ಹಳಸ್ತೈತಿ.

ಇನ್ನ ನಿಮ್ಮ ಕಂಪ್ಯೂಟರ್ ಸುದ್ದಿ. ಕಾರಿನ ಆಟ ಮೊದಲ ಚೆಂದ ಓಡಿ, ಆಮ್ಯಾಲ ಎತ್ತಿನ ಗಾಡಿ ಆಗ್ತೈತಿ ಅಂತ ರ‍್ಯಾಮ್ ಹಾಕಿಸಿದ್ರಿ. ಏನೂ ಆಗಲಿಲ್ಲ. ಈಗ ನಿಮ್ಮ ಸಾಲಿ ಭಾಗ್ಯಜ್ಯೋತಿ ಟೀಚರ್ ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡ್ರಿ ಅಂದ್ರಂತ, ರವಿವಾರ ಇಬ್ಬರೂ ಕೂಡಿ ವಿಜಾಪುರಕ್ಕ ಹೊಂಟೀರಿ. ನನ್ನ ಜೋಡಿ ಬಸ್ ಸ್ಟ್ಯಾಂಡ್ ತನಾ ಬರಾಕ ನಿಮಗ ಪುರಸೊತ್ತಿಲ್ಲ.

ನಿನ್ನೆ ನೀವು ಸಾಲಿಗೆ ಹೋದಮ್ಯಾಲ ನಾನ ಆಟ ಹಚ್ಚಿ ನೋಡಿದೆ. ಕಾರು ಕುಂಟಾಕ ಹತ್ತಿದ ಕೂಡ್ಲೆ ಕಂಪ್ಯೂಟರ್ ಡಬ್ಬಿ ಹಿಂದ ಕೈ ಇಟ್ಟೆ. ರೊಟ್ಟಿ ಹಂಚಿನಂಗ ಸುಡ್ತಿತ್ತು. ಟೀಚರ್ ಹೊಲದು ಕೊಟ್ಟ ಮಖಮಲ್ಲಿನ ಕವರ್ ಫ್ಯಾನಿನ ಬಾಯಿ ಮುಚ್ಚಿ ಕುಂತಿತ್ತು. ಧೂಳು ಬೀಳ್ತೈತಿ ಅಂತ ಆಡುವಾಗೂ ನೀವು ಅದನ್ನ ತಗಿಯೂದಿಲ್ಲಲ್ಲ! ಕವರ್ ತಗದು, ಡಬ್ಬಿ ಆರಿದಮ್ಯಾಲ ಮತ್ತ ಆಡಿದೆ. ಬ್ಯಾಳಿ ಬೇಯೂತನಾ ಕಾರು ಎಲ್ಲೂ ಎಡವಲಿಲ್ಲ.

ಕಾರ್ಡೂ ಬ್ಯಾಡ, ವಿಜಾಪುರನೂ ಬ್ಯಾಡ.

ಹೊಲಿಗಿ ಚೊಲೊ ಐತಿ, ಸುಳ್ಳ್ಯಾಕ ಹೇಳಲಿ. ಮದುವಿ ಆದಾಗಿಂದ ನನ್ನ ಒಂದು ಸೀರಿ ಚೆಂದ ಐತಿ ಅಂದವರಲ್ಲ ನೀವು, ಆ ಕವರ್ ಚೆಂದ ಐತಿ ಅಂತ ಮನಿಗೆ ಬಂದವರ ಮುಂದೆಲ್ಲಾ ಅಂದ್ರಿ.

ಒಗದು ಹಗ್ಗದ ಮ್ಯಾಲ ಹಾಕೇನಿ. ಒಣಗಿದಮ್ಯಾಲ ಮಡಚಿ ಇಡ್ರಿ. ವಾಪಸ್ ಕೊಡಾಕ ನೀವು ಹೋಗಬ್ಯಾಡ್ರಿ, ನಾ ಬಂದು ಕೊಡ್ತೇನಿ. ಅವರ ಮನಿ ದಾರಿ ನನಗೂ ಗೊತ್ತೈತಿ.

ಮಹಾನಂದಾ