ಅಮ್ಮನ ಬದಲಿಗೆ ಊರಿದ ಮಂಡಿ

ಮಾರ್ಚ್ ಹದಿನಾಲ್ಕು, ಶುಕ್ರವಾರ.

ನನ್ನ ಮಂಡಿ ಇನ್ನೂ ಉರಿಯುತ್ತಿದೆ. ಜೀವಮಾನವೆಲ್ಲ ಚರ್ಚಿನ ನೆಲವನ್ನು ಮಂಡಿಯೂರಿ ಉಜ್ಜಿದ ಅಮ್ಮನಿಗೆ ಈಗ ಮಂಡಿ ಮಡಚಲು ಬರುವುದಿಲ್ಲ. ಸಂಜೆ ಆರಾಧನೆಯಲ್ಲಿ ಪಾದ್ರಿ ಪರಮಪ್ರಸಾದದ ರೊಟ್ಟಿಯನ್ನು ಮೇಲೆತ್ತಿದರು, ಗಂಟೆ ಮೊಳಗಿತು, ಎಲ್ಲರೂ ಮಂಡಿಯೂರಿದರು. ಅಮ್ಮ ಒಬ್ಬಳೇ ಕಂಬ ಹಿಡಿದು ನಿಂತಿದ್ದಳು.

"ದೇವ್ರ ಮುಂದೇನೂ ಸೊಕ್ಕಾ?" ಅಂದಳು ಪಕ್ಕದ ಬೆಂಚಿನ ಮೇಡಂ.

ಉಗಿಯಲು ಬಾಯಿ ತೆರೆದೆ. ಅಮ್ಮ ತೋಳು ಜಗ್ಗಿದಳು. "ಜಗಳ ಬೇಡ ಮಗಾ. ನನ್ನ ಬದ್ಲು ನೀನು ಮಂಡಿ ಊರು."

ಯಾರ ಮುಂದೆಯೂ ಮಂಡಿಯೂರೆವು ಎಂದು ಬೀದಿ ಬೀದಿಯಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಂಡವನು ನಾನು. ಊರಿದೆ. ನಿನಗಲ್ಲ ದೇವರೇ, ಅವಳು ಉಜ್ಜಿ ಹೊಳೆಯಿಸಿದ ಈ ಕಲ್ಲಿಗೆ ಅಂದುಕೊಂಡೆ. ನೋಡುವವರಿಗೆ ಎರಡೂ ಒಂದೇ! ಮೇಡಂ ಮೆಚ್ಚಿ ತಲೆಯಾಡಿಸಿದಳು.

ತಿರುಗಿ ನೋಡಿದರೆ, ಕಂಬ ಹಿಡಿದು ನಿಂತ ಅಮ್ಮನೂ ಹಾಗೇ ತಲೆಯಾಡಿಸುತ್ತಿದ್ದಳು.