ಪ್ರಶ್ನೆಚಿಹ್ನೆ ಹೊತ್ತ ಅಸಲಿ, ಹಸಿರು ಗುರುತಿನ ನಕಲಿ

ಡಿಜಿಟಲ್ ಸಹಿಯ ಪ್ರಮಾಣಪತ್ರಗಳನ್ನು ವಿತರಿಸುವ ಹೊಣೆ ಹೊತ್ತ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಕ್ರಮಬದ್ಧವಾಗಿ ಕೊಟ್ಟ ಆದಾಯ ಪ್ರಮಾಣಪತ್ರವೊಂದನ್ನು ನಾನು ತುಂಬಿದ ಸಭೆಯಲ್ಲಿ ನಕಲಿ ಎಂದು ಸಾರಿದೆ. ಅದೇ ಸಭೆಯಲ್ಲಿ, ಅದೇ ಕಂಪ್ಯೂಟರಿನಲ್ಲಿ, ನಿಮ್ಮ ಕಚೇರಿ ಎಂದೂ ಕೊಡದ ಇನ್ನೊಂದನ್ನು ಅಸಲಿ ಎಂದು ಒಪ್ಪಿಕೊಂಡೆ. ಎರಡೂ ಸಲ ನಿಮ್ಮ ಸುತ್ತೋಲೆ ಹೇಳಿದಂತೆಯೇ ನಡೆದುಕೊಂಡೆ. ತಪ್ಪು ಮಾಡಿದವಳು ನಾನು. ಅದನ್ನು ಬೇರೆಯವರ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಆದರೆ ನಿಯಮ ಪಾಲಿಸಿದವಳೇ ತಪ್ಪು ಮಾಡುವಂಥ ಏರ್ಪಾಟು ನಿಮ್ಮದು. ನನ್ನ ಪಾಲಿನ ನಾಚಿಕೆಯನ್ನು ನಾನು ಹೊತ್ತುಕೊಂಡಿದ್ದೇನೆ. ನಿಮ್ಮ ಪಾಲಿನದ್ದನ್ನು ನಿಮಗೆ ತಲುಪಿಸಲು ಈ ಪತ್ರ.

ನಾನು ಹಲಸೂರಿನ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಾನೂ ಕನ್ನಡದಲ್ಲೇ ಗಣಿತ ಕಲಿತವಳು. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದ ಹುಡುಗಿಗೆ ನಾನು ಪೂರ್ಣ ಅಂಕ ಕೊಟ್ಟದ್ದಿಲ್ಲ. ಹಳೆಯ ವಿದ್ಯಾರ್ಥಿನಿಯರು ಇಂದಿಗೂ ನನ್ನನ್ನು ರಸ್ತೆಯಲ್ಲಿ ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಅದು ಗೌರವವೆಂದೇ ಬಹಳ ಕಾಲ ನಂಬಿದ್ದೆ. ನಮ್ಮಂಥ ಕೆಲವು ನಿವೃತ್ತರು ಸೇರಿ ಒಂದು ಪುಟ್ಟ ಟ್ರಸ್ಟ್ ನಡೆಸುತ್ತೇವೆ. ನಮ್ಮ ಶಾಲೆಯಲ್ಲಿ ಓದಿದ, ಅಥವಾ ಅಲ್ಲಿ ಓದಿದವರ ಮಗಳಾದ ಒಬ್ಬ ಹುಡುಗಿಗೆ ವರ್ಷಕ್ಕೊಮ್ಮೆ ನರ್ಸಿಂಗ್ ಕಾಲೇಜಿನ ಪೂರ್ತಿ ವೆಚ್ಚ ಕೊಡುತ್ತೇವೆ. ಅದಕ್ಕೆ ಬೇಕಾದ ಮುಖ್ಯ ಆಧಾರ ನಿಮ್ಮ ಕಚೇರಿಯ ಆದಾಯ ಪ್ರಮಾಣಪತ್ರ.

ಡಿಜಿಟಲ್ ಸಹಿ ಬಂದಾಗ ಮನಸಾರೆ ಸ್ವಾಗತಿಸಿದವರಲ್ಲಿ ನಾನೂ ಒಬ್ಬಳು. ಅದಕ್ಕೆ ಮುಂಚೆ ಬಡವರ ಮಕ್ಕಳು ಜೆರಾಕ್ಸ್ ಪ್ರತಿಯೊಂದು ನಿಜವೆಂದು ಬರೆಸಿಕೊಳ್ಳಲು ಗೆಜೆಟೆಡ್ ಅಧಿಕಾರಿಯ ಬಾಗಿಲು ಕಾಯಬೇಕಿತ್ತು. ಪರಿಚಯವಿದ್ದವರ ಕಾಗದ ಬೆಳಗ್ಗೆಯೇ ನಿಜವಾಗುತ್ತಿತ್ತು. ಇಲ್ಲದವರದ್ದು ಸಂಜೆಯಾದರೂ ಅನುಮಾನದಲ್ಲೇ ಉಳಿಯುತ್ತಿತ್ತು. ಹೊಸ ವಿಧಾನದಲ್ಲಿ ಪರಿಚಯದ ಮಾತೇ ಇಲ್ಲ. ಸಹಿ ಮಾಡುವವರಿಗೆ ಎರಡು ಕೀಲಿಗಳು: ಒಂದು ಅವರೊಬ್ಬರ ಬಳಿಯೇ ಉಳಿಯುವ ಗುಟ್ಟಿನ ಕೀಲಿ, ಇನ್ನೊಂದು ಊರಿಗೆಲ್ಲ ಕೊಡುವ ಬಹಿರಂಗ ಕೀಲಿ. ಗುಟ್ಟಿನದರಿಂದ ಮಾಡಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತಾಳೆ ನೋಡಬಹುದು. ಆದರೆ ಅದರಿಂದ ಹೊಸ ಸಹಿ ಹುಟ್ಟಿಸಲು ಯಾರಿಂದಲೂ ಆಗದು. ಕಾಗದದಲ್ಲಿ ಒಂದು ಅಲ್ಪವಿರಾಮ ಬದಲಾದರೂ ತಾಳೆ ತಪ್ಪುತ್ತದೆ. ಇಂಥ ಸಹಿಗಳಲ್ಲಿ ಬಹು ಬಳಕೆಯ ಒಂದು ವಿಧಾನ ನಿಂತಿರುವುದು ನಾನು ತರಗತಿಯಲ್ಲಿ ಕಲಿಸುತ್ತಿದ್ದ ಅವಿಭಾಜ್ಯ ಸಂಖ್ಯೆಗಳ ಮೇಲೆ. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧವೊಂದನ್ನೇ ಹಿಡಿದು ಅವೆರಡನ್ನು ಹುಡುಕುವುದು ಆಯುಷ್ಯ ಸಾಲದ ಕೆಲಸ. ‘ಇದ್ರಿಂದ ಏನು ಪ್ರಯೋಜನ ಮಿಸ್?’ ಎಂದು ಕೇಳುತ್ತಿದ್ದ ಹುಡುಗಿಯರಿಗೆಲ್ಲ ಕೊನೆಗೂ ಉತ್ತರ ಸಿಕ್ಕಿತೆಂದು ಹಿಗ್ಗಿದ್ದೆ.

ಆ ಹಿಗ್ಗಿನಲ್ಲೇ ಕಳೆದ ಜೂನ್ ತಿಂಗಳ ಒಂದು ಭಾನುವಾರ ಮರ್ಫಿ ಟೌನಿನ ಸಭಾಂಗಣಕ್ಕೆ ಹೋದೆ. ಅಂಕಗಳಲ್ಲಿ ಸರಿಸಮನಾದ ಇಬ್ಬರು ಹುಡುಗಿಯರು ಕೊನೆಗೆ ಉಳಿದಿದ್ದರು. ಒಬ್ಬಳು ತೇಜಶ್ರೀ. ಅವಳ ತಾಯಿ ಆದಿಲಕ್ಷ್ಮಿ ರಸೆಲ್ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಮಾರುತ್ತಾಳೆ. ಆ ತಾಯಿಯೂ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಇನ್ನೊಬ್ಬ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಎಲ್ಲವೂ ಪಾರದರ್ಶಕವಾಗಿರಲಿ ಎಂದು ಹಟ ಹಿಡಿದು, ಪ್ರಮಾಣಪತ್ರಗಳ ಫೈಲುಗಳನ್ನು ಎಲ್ಲರಿಗೂ ಕಾಣುವಂತೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕಿಸಿದವಳೂ ನಾನೇ.

ಇನ್ನೊಬ್ಬಳ ಪತ್ರದ ಮೇಲೆ, ನಿಮ್ಮ ಅಧಿಕಾರಿಯ ಹೆಸರಿನ ಪಕ್ಕದಲ್ಲಿ, ದಪ್ಪನೆಯ ಹಸಿರು ಗುರುತಿತ್ತು. ತೇಜಶ್ರೀಯದನ್ನು ತೆರೆದಾಗ ಅದೇ ಜಾಗದಲ್ಲಿ ಹಳದಿ ಬಣ್ಣದ ಪ್ರಶ್ನೆಚಿಹ್ನೆ. ಪರದೆಯ ನೆತ್ತಿಯಲ್ಲಿ ‘ಸಹಿಯಲ್ಲಿ ಸಮಸ್ಯೆಯಿದೆ’ ಎಂಬರ್ಥದ ಇಂಗ್ಲಿಷ್ ಸಾಲು. ‘ಹಸಿರು ಗುರುತು ಕಂಡುಬಂದಲ್ಲಿ ಮಾತ್ರ ಸಹಿಯನ್ನು ಸಿಂಧುವೆಂದು ಪರಿಗಣಿಸತಕ್ಕದ್ದು’ ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಆ ವಾಕ್ಯದಲ್ಲಿ ನಾನು ವ್ಯಾಕರಣದೋಷವನ್ನೂ ಕಾಣಲಿಲ್ಲ, ಅನುಮಾನಕ್ಕೆ ಎಡೆಯನ್ನೂ ಕಾಣಲಿಲ್ಲ.

ಟ್ರಸ್ಟಿನ ಖಜಾಂಚಿ ಗುರುರಾಜ್ ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ಮೃದು ಸ್ವಭಾವದವರು. “ಬಿಡಿ ಸುಬ್ಬಲಕ್ಷ್ಮಿಯವ್ರೇ, ಕಂಪ್ಯೂಟರ್ ಅಂದ್ಮೇಲೆ ಏನೋ ಒಂದು ಬರ್ತಾನೇ ಇರುತ್ತೆ. ಹುಡುಗಿ ನಮಗೆ ಗೊತ್ತಿರೋಳೇ ಅಲ್ವಾ?” ಎಂದರು.

“ಗೊತ್ತಿರೋದು ಪ್ರಮಾಣ ಅಲ್ಲ ಗುರುರಾಜ್,” ಎಂದೆ.

ಪ್ರಮಾಣಪತ್ರದ ಸಂಖ್ಯೆ ಹಾಕಿ ತಾಳೆ ನೋಡುವ ನಿಮ್ಮ ಜಾಲತಾಣವನ್ನೂ ತೆರೆದೆವು. ಪರದೆ ಕೆಂಪಾಯಿತು: ಈ ತಾಣದೊಂದಿಗಿನ ಸಂಪರ್ಕ ಸುರಕ್ಷಿತವಲ್ಲ, ತಾಣದ ಗುರುತಿನ ಅವಧಿ ಮುಗಿದಿದೆ. ತನ್ನ ಗುರುತನ್ನೇ ನವೀಕರಿಸಿಕೊಳ್ಳದ ತಾಣ ಬಡವರ ಗುರುತನ್ನು ಪರೀಕ್ಷಿಸಲು ಕುಳಿತಿತ್ತು. “ಅಡ್ವಾನ್ಸ್ಡ್ ಅಂತ ಒತ್ತಿ ಮುಂದಕ್ಕೆ ಹೋಗ್ಬಹುದಂತೆ. ನಮ್ಮನೇಲಿ ಎಲ್ರೂ ಹಾಗೇ ಮಾಡೋದು,” ಎಂದರು ಗುರುರಾಜ್. ನಾನು ಒಪ್ಪಲಿಲ್ಲ. ದಾರಿಯ ಮಧ್ಯೆ ಯಾರೋ ನಿಂತು ನಿಮ್ಮ ಹೆಸರಿನಲ್ಲಿ ಉತ್ತರ ಕೊಡುತ್ತಿದ್ದರೆ? ಆ ಎಚ್ಚರಿಕೆ ಇರುವುದೇ ಅಂಥವರನ್ನು ತಡೆಯಲು. ಈಗಲೂ ಕೇಳುತ್ತೇನೆ, ಆ ನಿರಾಕರಣೆಯಲ್ಲಿ ನನ್ನ ತಪ್ಪೇನಿತ್ತು? ಎಚ್ಚರಿಕೆಗಳನ್ನೆಲ್ಲ ಕಡೆಗಣಿಸಲು ಇಡೀ ಊರಿಗೆ ಪಾಠ ಹೇಳಿಕೊಟ್ಟವರು ಯಾರು?

ಆದಿಲಕ್ಷ್ಮಿ ಎದ್ದು ನಿಂತಳು. “ಮಿಸ್, ಕ್ಯೂನಲ್ಲಿ ನಾನೇ ನಿಂತು ತಂದಿದ್ದು ಮಿಸ್. ಬೇಕಾದ್ರೆ ನಾಳೆ ನನ್ ಜೊತೆ ಬನ್ನಿ, ಆಫೀಸಲ್ಲೇ ಕೇಳೋಣ.”

“ಕಂಪ್ಯೂಟರ್‌ಗೆ ನಿನ್ನ ಮೇಲೆ ದ್ವೇಷ ಇಲ್ಲ ಆದಿಲಕ್ಷ್ಮಿ. ಇದು ನಕಲಿ,” ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ, “ಪೊಲೀಸ್ ಬೇಡ, ಲಾಯರ್ ಬೇಡ. ಗೋಡೇನೇ ಹೇಳ್ಬಿಡ್ತು ನೋಡು ಗುರು,” ಎಂದರು. ಜನ ನಕ್ಕರು. ತೇಜಶ್ರೀ ಗೋಡೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಾಯಿಯ ಕೈ ಹಿಡಿದುಕೊಂಡು ಹೊರಟುಹೋದಳು. ನಾವು ಇನ್ನೊಬ್ಬ ಹುಡುಗಿಯ ಹೆಸರನ್ನು ಘೋಷಿಸಿ ಚಪ್ಪಾಳೆ ತಟ್ಟಿದೆವು.

ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ಇಂದಿಗೂ ಹೆಮ್ಮೆಯಿಂದಲೇ ಇರುತ್ತಿದ್ದೆ. ಆದರೆ ನಕಲಿ ಮಾಡುವವರನ್ನು ಹಿಡಿಸಿಕೊಡುವುದು ನಾಗರಿಕಳ ಕರ್ತವ್ಯವೆಂದು, ಎರಡೂ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ದೂರು ಕೊಡಲು ನಿಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿದ್ದ ನಿತೀಶ್ ಎಂಬ ಯುವಕ ಒಂದು ಕೈಯಲ್ಲಿ ಫೋನ್ ಹಿಡಿದೇ ಫೈಲು ತೆರೆದ. ಅವನನ್ನು ಶಿಕ್ಷಿಸಬೇಡಿ, ನಿಮ್ಮ ಕಚೇರಿಯಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ.

“ಯಾವ್ದು ಮೇಡಂ ನಕಲಿ? ಈ ಪ್ರಶ್ನೆಚಿಹ್ನೆದಾ? ಇದು ನಮ್ದೇ.”

“ನಿಮ್ಮದಾದರೆ ಪ್ರಶ್ನೆಚಿಹ್ನೆ ಯಾಕಪ್ಪ ಬಂತು?”

“ನಮ್ದಕ್ಕೆ ಎಲ್ಲಾದಕ್ಕೂ ಅದೇ ಬರೋದು ಮೇಡಂ. ಟಿಕ್ ಮಾರ್ಕ್ ಇದ್ರೇನೇ ನಮಗೆ ಡೌಟು.” ಇನ್ನೊಂದು ಫೈಲಿನ ಹಸಿರು ಗುರುತಿನ ಮೇಲೆ ಒತ್ತಿ ತೋರಿಸಿದ. ಏನೂ ಆಗಲಿಲ್ಲ. “ನೋಡಿ, ಇದು ಬರೀ ಚಿತ್ರ. ಅಂಟಿಸಿದ್ದಾರೆ ಅಷ್ಟೇ. ಇದ್ರಲ್ಲಿ ಸಹೀನೇ ಇಲ್ಲ.”

“ಹಾಗಾದರೆ ಜನರಿಗೆ ಗೊತ್ತಾಗುವುದು ಹೇಗೆ?”

“ಯಾರೂ ಫೈಲ್ ಓಪನ್ ಮಾಡಿ ನೋಡಲ್ಲ ಮೇಡಂ. ತೀರಾ ಕೇಳಿದ್ರೆ, ಪ್ರಿಂಟ್ ತಗೊಂಡ್ ಬನ್ನಿ ಅಂತೀವಿ. ಪ್ರಶ್ನೆಚಿಹ್ನೆ ಮೇಲೊಂದು ಸೀಲ್ ಹೊಡ್ದು ಕೊಡ್ತೀವಿ. ಸರಿಹೋಗುತ್ತೆ.”

ಅಂದು ಸಂಜೆ ಮನೆಯಲ್ಲಿ, ನನಗೇ ಬಂದಿರುವ ಡಿಜಿಟಲ್ ಸಹಿಯ ಪಿಂಚಣಿ ಪತ್ರವನ್ನು ತೆರೆದೆ. ಅದರಲ್ಲೂ ಅದೇ ಹಳದಿ ಪ್ರಶ್ನೆಚಿಹ್ನೆ. ನನ್ನ ಅಳತೆಗೋಲಿನಲ್ಲಿ ನಾನೂ ನಕಲಿಯೇ. ಮುಂದಿನ ದಿನಗಳಲ್ಲಿ ಕುಳಿತು ಓದಿ, ಮೊದಲೇ ಓದಬೇಕಿದ್ದದ್ದನ್ನು ತಿಳಿದುಕೊಂಡೆ. ಬಹಿರಂಗ ಕೀಲಿ ಇಂಥವರದೇ ಎಂದು ಹೇಳಲು ಒಂದು ಸಂಸ್ಥೆ, ಆ ಸಂಸ್ಥೆ ನಂಬಿಕಸ್ಥವೆಂದು ಹೇಳಲು ಅದರ ಮೇಲೊಂದು, ಎಲ್ಲಕ್ಕೂ ಬುಡದಲ್ಲಿ ಒಂದು ಮೂಲ ಪ್ರಮಾಣಪತ್ರ. ಆ ಮೂಲವನ್ನು ನಂಬಬಹುದೆಂದು ನಮ್ಮ ಕಂಪ್ಯೂಟರಿಗೆ ಒಮ್ಮೆ ತಿಳಿಸಬೇಕು. ತಿಳಿಸುವವರೆಗೆ ಅದು ‘ಇವರು ಯಾರೋ ನನಗೆ ಗೊತ್ತಿಲ್ಲ’ ಎನ್ನುತ್ತದೆ. ಪ್ರಶ್ನೆಚಿಹ್ನೆಯ ಅರ್ಥ ಇಷ್ಟೇ. ಅದು ‘ಗೊತ್ತಿಲ್ಲ’ ಎಂದಿತ್ತು. ನಾನು ‘ಸುಳ್ಳು’ ಎಂದು ಓದಿಕೊಂಡೆ. ಈ ಎರಡರ ವ್ಯತ್ಯಾಸವನ್ನು ಜೀವಮಾನವಿಡೀ ಕಲಿಸಿದವಳು ನಾನು. ಇದು ನನ್ನ ಪಾಲು.

ಇನ್ನು ನಿಮ್ಮ ಪಾಲು. ನಿಮ್ಮ ಸುತ್ತೋಲೆಯಲ್ಲಿ ಹಸಿರು ಗುರುತಿನ ವಿಚಾರವಿದೆ, ಆ ಮೂಲವನ್ನು ಕಂಪ್ಯೂಟರಿಗೆ ಸೇರಿಸಿಕೊಳ್ಳುವ ವಿಚಾರ ಒಂದಕ್ಷರವೂ ಇಲ್ಲ. ಗುರುತನ್ನು ಒತ್ತಿ ನೋಡಿ, ಬರೀ ಚಿತ್ರವನ್ನು ನಂಬಬೇಡಿ ಎಂಬ ಮಾತಿಲ್ಲ. ಸಹಿಯೇ ಇಲ್ಲದ ಫೈಲಿನ ಬಗ್ಗೆ ಕಂಪ್ಯೂಟರ್ ಮೌನವಾಗಿರುತ್ತದೆ. ಆ ಮೌನವನ್ನು ನಾವು ದೋಷವಿಲ್ಲವೆಂದು ತಿಳಿಯುತ್ತೇವೆ. ಸಾವಿರ ಯಂತ್ರಗಳನ್ನು ಹೂಡಿ ಅವಿಭಾಜ್ಯಗಳನ್ನು ಒಡೆಯಲು ಬರುವ ಶತ್ರುವನ್ನು ಈ ವ್ಯವಸ್ಥೆಯ ವಿನ್ಯಾಸಕಾರರು ಊಹಿಸಿಕೊಂಡರು. ಅವನನ್ನು ತಡೆದೂ ಬಿಟ್ಟರು. ಆದರೆ ನಿಜವಾಗಿ ಬಂದವನು ಹಸಿರು ಬಣ್ಣದ ಚಿತ್ರವೊಂದನ್ನು ಅಂಟಿಸಿದ. ಅವನಿಗೆ ಯಾವ ಕೀಲಿಯೂ ಬೇಕಾಗಲಿಲ್ಲ. ಶತ್ರುವನ್ನು ಅಷ್ಟು ಶ್ರದ್ಧೆಯಿಂದ ಊಹಿಸಿದವರು ಕ್ಯೂನಲ್ಲಿ ನಿಂತ ಆದಿಲಕ್ಷ್ಮಿಯನ್ನು ಊಹಿಸಲಿಲ್ಲ. ಮೇಜಿನ ಈಚೆ ಕುಳಿತ ನನ್ನಂಥ ಅರೆಬರೆ ತಿಳಿದವಳನ್ನೂ ಊಹಿಸಲಿಲ್ಲ. ಪರಿಚಯವಿಲ್ಲದವರ ಮಾತಿಗೂ ಬೆಲೆ ಬರಲಿ ಎಂದು ಹುಟ್ಟಿದ ವಿದ್ಯೆ, ನಿಮ್ಮ ಉದಾಸೀನದಿಂದಾಗಿ, ಪರಿಚಯವಿದ್ದವಳ ಮಾತನ್ನೂ ಅಳಿಸಿಹಾಕಿತು.

ಕ್ಷಮೆ ಕೇಳಲು ರಸೆಲ್ ಮಾರುಕಟ್ಟೆಗೆ ಹೋದೆ. ತೇಜಶ್ರೀ ಈಗ ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಷಿಯರ್. ಊಟದ ಬಿಡುವಿನಲ್ಲಿ ತಾಯಿಯ ಬಳಿ ಬಂದಿದ್ದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಆದಿಲಕ್ಷ್ಮಿ ಕೇಳದಿದ್ದರೂ ನನ್ನ ಚೀಲಕ್ಕೆ ನಿಂಬೆಹಣ್ಣು ಹಾಕುತ್ತಾ, “ಬಿಡಿ ಮಿಸ್. ನಿಮ್ ಕೈಲಿ ಏಟು ತಿಂದೇ ಬೆಳೆದೋಳು ನಾನು. ಆವಾಗ ತಪ್ಪು ಮಾಡಿದ್ರೆ ಹೊಡೀತಿದ್ರಿ, ಈ ಸಲ ತಪ್ಪು ಮಾಡ್ದೇನೇ ಬಿತ್ತು,” ಎಂದು ನಕ್ಕಳು.

ತೇಜಶ್ರೀ ನಗಲಿಲ್ಲ. “ಅಂಗಡೀಲಿ ಈಗ ನೋಟು ಅಸಲಿನಾ ನಕಲಿನಾ ಅಂತ ನೋಡೋದು ನಾನೇ ಮಿಸ್. ಬೆಳಕಿಗೆ ಹಿಡೀತೀನಿ, ಗೊತ್ತಾಗುತ್ತೆ. ಅದಕ್ಕೇನು ಓದಿರ್ಬೇಕಾಗಿಲ್ಲ.”

ಗಮನಿಸಿ ಮಾನ್ಯರೇ. ನೋಟು ಮುದ್ರಿಸುವವರು ಅದನ್ನು ಪರೀಕ್ಷಿಸುವ ಉಪಾಯವನ್ನೂ ನೋಟಿನ ಜೊತೆಗೇ ಪ್ರಜೆಯ ಕೈಗೆ ಕೊಟ್ಟಿದ್ದಾರೆ: ನೂಲು, ನೀರಗುರುತು, ಬೆರಳಿಗೆ ತಾಗುವ ಗೆರೆ. ನಿಮ್ಮ ಸಹಿಯನ್ನು ನಾವು ಯಾವ ಬೆಳಕಿಗೆ ಹಿಡಿಯಬೇಕು?

ಟ್ರಸ್ಟ್ ಈ ವರ್ಷ ವಿಶೇಷವಾಗಿ ಇನ್ನೊಂದು ನೆರವು ಕೊಡಲಿದೆ, ಮುಂದಿನ ಪ್ರವೇಶಕ್ಕೆ ತೇಜಶ್ರೀ ಸೇರಿಕೊಳ್ಳಲಿ ಎಂದೆ. ಆಯ್ಕೆಯಾದ ಹುಡುಗಿಯನ್ನು ನಾವು ಕಾಲೇಜಿನಿಂದ ಬಿಡಿಸುವುದಿಲ್ಲ. ಅವಳ ತಂದೆ ಕೆ.ಆರ್. ಪುರದಲ್ಲಿ ಮಧ್ಯವರ್ತಿಯೊಬ್ಬನನ್ನು ನಂಬಿ ಮೋಸಹೋದವರು, ಅವರ ಆದಾಯವೂ ನಿಜವಾಗಿ ಕಡಿಮೆಯೇ. ತೇಜಶ್ರೀ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: “ಅದು ಆಮೇಲೆ ಮಿಸ್. ಮೊದ್ಲು ಅದೇ ಗೋಡೆ ಮೇಲೆ ಹಾಕಿ. ಅದೇ ಜನ ಇರ್ಬೇಕು. ನಮ್ ಬೀದೀಲಿ ನಂಗೆ ಫೋರ್ಜರಿ ಅಂತಾನೇ ಹೆಸರಿಟ್ಟಿದ್ದಾರೆ.”

ಹಾಕಿದೆ. ಮೂಲವನ್ನು ಸೇರಿಸಿದ ಕಂಪ್ಯೂಟರಿನಲ್ಲಿ, ಅದೇ ಗೋಡೆಯ ಮೇಲೆ, ಅವಳ ಪತ್ರಕ್ಕೆ ಹಸಿರು ಗುರುತು ಬಂದದ್ದನ್ನು ತೋರಿಸಿದೆ. ತಪ್ಪು ನನ್ನದೆಂದು ಎರಡೂ ಕೈ ಜೋಡಿಸಿ ಹೇಳಿದೆ. ಜನ ಮರ್ಯಾದೆಯಿಂದ ಕೇಳಿದರು. ಹೊರಗೆ ಬಂದಾಗ ಒಬ್ಬಾಕೆ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಪಾಪ, ಮಿಸ್‌ಗೆ ಮನಸ್ಸು ತಡೀದೆ ಅವ್ರೇ ಹಸಿರು ಮಾಡಿಸ್ಕೊಟ್ಟಿದ್ದಾರೆ ಕಣೇ.”

ಆಕೆಯನ್ನು ಹೇಗೆ ದೂರಲಿ? ಹಸಿರು ಗುರುತನ್ನು ಅಂಟಿಸಬಹುದೆಂದು ಅವರಿಗೆ ವಿವರಿಸಿದವಳು ನಾನೇ. ಈಗ ನನ್ನ ಮಾತಿಗೂ ನನ್ನ ಕಂಪ್ಯೂಟರಿಗೂ ಮರ್ಫಿ ಟೌನಿನಲ್ಲಿ ಒಂದೇ ಬೆಲೆ. ಆ ಪತ್ರ ನಿಮ್ಮದೆಂದು ನೀವು ಹೇಳಿದರೆ ಮಾತ್ರ ನಂಬುತ್ತಾರೆ.

ಆದ್ದರಿಂದ ನನ್ನ ಒತ್ತಾಯ ಇದು. ನಿಮ್ಮ ಸಹಿಯನ್ನು ಪರೀಕ್ಷಿಸುವ ಕ್ರಮವನ್ನು, ಮೂಲವನ್ನು ಸೇರಿಸುವ ಹಂತವೂ ಸೇರಿದಂತೆ, ಸರಳ ಕನ್ನಡದಲ್ಲಿ ಪ್ರತಿ ಪ್ರಮಾಣಪತ್ರದ ಜೊತೆಗೇ ಕೊಡಿ. ಪ್ರತಿ ಕೌಂಟರಿನಲ್ಲೂ ಸಾರ್ವಜನಿಕರ ಕಡೆಗೆ ತಿರುಗಿದ, ಸರಿಯಾಗಿ ಸಜ್ಜುಗೊಳಿಸಿದ ಒಂದು ಪರದೆಯಿರಲಿ. ನಿಮ್ಮ ಜಾಲತಾಣದ ಗುರುತನ್ನು ನವೀಕರಿಸಿ. ಇವೆಲ್ಲಕ್ಕೂ ಸಭೆಗಳು, ಟಿಪ್ಪಣಿಗಳು, ಅನುಮೋದನೆಗಳು ಬೇಕೆಂದು ಬಲ್ಲೆ, ಕಾಯುತ್ತೇನೆ. ಆದರೆ ಒಂದು ಕೆಲಸಕ್ಕೆ ಯಾರ ಅನುಮೋದನೆಯೂ ಬೇಕಿಲ್ಲ. ಪ್ರವೇಶ ಮುಗಿಯುವುದರೊಳಗೆ ಒಂದು ಭಾನುವಾರ ಮರ್ಫಿ ಟೌನಿಗೆ ಬನ್ನಿ. ಆ ಗೋಡೆಯ ಮುಂದೆ ನಿಂತು, ‘ಇದು ನಮ್ಮ ಕಚೇರಿ ಕೊಟ್ಟದ್ದು, ಈ ಹುಡುಗಿ ಸುಳ್ಳು ಹೇಳಿಲ್ಲ’ ಎಂದು ನಿಮ್ಮ ಬಾಯಿಂದ ಹೇಳಿ. ನಾನೂ ಅಲ್ಲಿರುತ್ತೇನೆ. ನನ್ನ ಪಕ್ಕದಲ್ಲಿ ನಿಂತು ತಲೆ ತಗ್ಗಿಸಲು ಜಾಗ ಬೇಕಾದಷ್ಟಿದೆ.

ಇಂತಿ, ಪೂರ್ಣ ಅಂಕಕ್ಕೆ ಅರ್ಹಳಲ್ಲದ,
ಸುಬ್ಬಲಕ್ಷ್ಮಿ
ನಿವೃತ್ತ ಗಣಿತ ಶಿಕ್ಷಕಿ, ಇಂದಿರಾನಗರ

ಈ ಪತ್ರದ ಮೂಲ ಪ್ರತಿಯಲ್ಲಿರುವುದು ಶಾಯಿಯ ಸಹಿ. ಅನುಮಾನ ಬಂದರೆ ನಕಲಿ ಎನ್ನುವ ಮುನ್ನ ನನ್ನನ್ನೊಮ್ಮೆ ಕೇಳಿ. ಆದಿಲಕ್ಷ್ಮಿ ಕೇಳೋಣ ಬನ್ನಿ ಎಂದಿದ್ದಳು, ನಾನು ಹೋಗಲಿಲ್ಲ.